ಕಾರ್‌ಫ್ಯಾಕ್ಸ್ ಗೋಪುರ

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ನಟ್ಟನಡುವೆ ಇರುವ ಮಧ್ಯಯುಗದ ಗಡಿಯಾರ ಗೋಪುರ. ಎತ್ತರ 23 ಮೀಟರ್ (74 ಅಡಿ). ಇದರ ನಿಜವಾದ ಹೆಸರು ಸೇಂಟ್ ಮಾರ್ಟಿನ್ ಗೋಪುರ; ಆ ಹೆಸರಿನ ಚರ್ಚಿನಲ್ಲಿ ಈಗ ಉಳಿದಿರುವುದು ಇದೊಂದೇ. ಉತ್ತರದ ಕಾರ್ನ್‌ಮಾರ್ಕೆಟ್ ಬೀದಿ, ದಕ್ಷಿಣದ ಸೇಂಟ್ ಆಲ್ಡೇಟ್ಸ್, ಪೂರ್ವದ ಹೈ ಸ್ಟ್ರೀಟ್ ಮತ್ತು ಪಶ್ಚಿಮದ ಕ್ವೀನ್ ಸ್ಟ್ರೀಟ್ ಬಂದು ಕೂಡುವ ಚೌಕಕ್ಕೆ ಕಾರ್‌ಫ್ಯಾಕ್ಸ್ ಎಂದು ಹೆಸರು. ‘ನಾಲ್ಕು ಕವಲಿನ’ ಎಂಬರ್ಥದ ಲ್ಯಾಟಿನ್ ಪದ ‘ಕ್ವಾಡ್ರಿಫರ್ಕಸ್’ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಈ ರೂಪ ತಾಳಿತು. ಚೌಕದ ವಾಯವ್ಯ ಮೂಲೆಯಲ್ಲಿರುವ ಗೋಪುರಕ್ಕೂ ಅದೇ ಹೆಸರು ರೂಢಿಯಾಗಿದೆ.

ಇಲ್ಲಿನ ಚರ್ಚು ಆಕ್ಸ್‌ಫರ್ಡಿನ ವಿಶ್ವವಿದ್ಯಾಲಯಕ್ಕಿಂತ ಹಳೆಯದು. 1032ರಲ್ಲಿ ದೊರೆ ಕ್ಯಾನ್ಯೂಟ್ ಇದನ್ನು ಅಬಿಂಗ್ಡನ್ ಮಠಕ್ಕೆ ದತ್ತಿ ಕೊಟ್ಟ. 12ನೇ ಶತಮಾನದಿಂದ 1896ರವರೆಗೆ ಇದೇ ನಗರದ ಅಧಿಕೃತ ಚರ್ಚಾಗಿತ್ತು. ವಿಶ್ವವಿದ್ಯಾಲಯದ ಚರ್ಚು ಹೈ ಸ್ಟ್ರೀಟಿನ ಸೇಂಟ್ ಮೇರಿ. ಹೀಗೆ ಊರಿನವರಿಗೊಂದು, ವಿದ್ಯಾರ್ಥಿಗಳಿಗೊಂದು ಚರ್ಚು ಕೆಲವೇ ನೂರು ಮೀಟರುಗಳ ಅಂತರದಲ್ಲಿದ್ದವು.

ಈ ಇಬ್ಬರ ನಡುವಿನ ಹಳೆಯ ಹಗೆ 1355ರ ಫೆಬ್ರವರಿ 10ರಂದು, ಸೇಂಟ್ ಸ್ಕೊಲಾಸ್ಟಿಕಾ ಹಬ್ಬದ ದಿನ, ಕಾರ್‌ಫ್ಯಾಕ್ಸ್‌ನಲ್ಲೇ ಸ್ಫೋಟಿಸಿತು. ಚೌಕದ ಸ್ವಿಂಡಲ್‌ಸ್ಟಾಕ್ ಎಂಬ ಹೆಂಡದಂಗಡಿಯಲ್ಲಿ ಕೊಟ್ಟ ದ್ರಾಕ್ಷಾರಸ ಕಳಪೆಯೆಂದು ವಿದ್ಯಾರ್ಥಿಗಳು ಜಗಳ ತೆಗೆದರು. ಊರಿನವರನ್ನು ಸೇರಿಸಲು ಸೇಂಟ್ ಮಾರ್ಟಿನ್ ಚರ್ಚಿನ ಗಂಟೆ, ವಿದ್ಯಾರ್ಥಿಗಳನ್ನು ಸೇರಿಸಲು ಸೇಂಟ್ ಮೇರಿ ಚರ್ಚಿನ ಗಂಟೆ ಬಾರಿಸಲಾಯಿತು. ಆಮೇಲಿನ ಹೊಡೆದಾಟದಲ್ಲಿ 63 ವಿದ್ಯಾರ್ಥಿಗಳೂ ಸುಮಾರು 30 ಮಂದಿ ಊರಿನವರೂ ಸತ್ತರೆಂಬುದು ಪರಂಪರೆಯಿಂದ ಬಂದ ಲೆಕ್ಕ. ದೊರೆ ಮೂರನೆಯ ಎಡ್ವರ್ಡ್ ವಿಶ್ವವಿದ್ಯಾಲಯದ ಪರ ನಿಂತ. ಮೇಯರ್ ಮತ್ತು ಊರಿನ ಪ್ರಮುಖರು ಪ್ರತಿವರ್ಷ ಅದೇ ದಿನ ಸೇಂಟ್ ಮೇರಿ ಚರ್ಚಿಗೆ ಹೋಗಿ, ಸತ್ತ ವಿದ್ಯಾರ್ಥಿಗಳ ಲೆಕ್ಕದಂತೆ 63 ಪೆನ್ನಿ ಕಾಣಿಕೆ ಒಪ್ಪಿಸಬೇಕಾಯಿತು. 1825ರಲ್ಲಿ ಆಗಿನ ಮೇಯರ್ ಅದಕ್ಕೆ ಒಪ್ಪದಿದ್ದುದರಿಂದ ಈ ಪದ್ಧತಿ ನಿಂತಿತು.

17ನೇ ಶತಮಾನದಲ್ಲಿ ಕಾರ್‌ಫ್ಯಾಕ್ಸ್ ನಗರಕ್ಕೆ ನೀರು ಹಂಚುವ ಸ್ಥಳವೂ ಆಯಿತು. ಆಥೋ ನಿಕೋಲ್ಸನ್ ಎಂಬಾತ ಹಿಂಕ್ಸಿ ಗುಡ್ಡದ ಚಿಲುಮೆಯ ನೀರನ್ನು ಕೊಳವೆಗಳಲ್ಲಿ ತರಿಸಿ, ಚೌಕದ ನಡುವೆ ಕೆತ್ತನೆಯ ಕಲ್ಲಿನ ನೀರಿನ ಮಂಟಪ ಕಟ್ಟಿಸಿದ. ಸಂಚಾರಕ್ಕೆ ಅಡ್ಡವಾಗುತ್ತದೆಂದು 1787ರಲ್ಲಿ ಅದನ್ನು ಬಿಚ್ಚಿ ಊರ ಹೊರಗಿನ ನ್ಯೂನಮ್ ಉದ್ಯಾನಕ್ಕೆ ಸಾಗಿಸಲಾಯಿತು.

ಗೋಪುರದಲ್ಲಿ ಆರು ಗಂಟೆಗಳಿವೆ. ಹಳೆಯ ಐದನ್ನು ಕರಗಿಸಿ ಇವನ್ನು 1676ರಲ್ಲಿ ಎರಕ ಹೊಯ್ದವನು ವುಡ್‌ಸ್ಟಾಕಿನ ರಿಚರ್ಡ್ ಕೀನ್. ಪೂರ್ವ ಮುಖದ ಗಡಿಯಾರದ ಬಳಿ ನಿಂತ ಎರಡು ಬೊಂಬೆಗಳು ಕಾಲು ಗಂಟೆಗೊಮ್ಮೆ ಗಂಟೆ ಬಡಿಯುತ್ತವೆ. ಇವು ಪ್ರತಿಕೃತಿಗಳು, ಮೂಲ ಬೊಂಬೆಗಳು ಆಕ್ಸ್‌ಫರ್ಡ್ ವಸ್ತುಸಂಗ್ರಹಾಲಯದಲ್ಲಿವೆ. ‘ಸತ್ಯಕ್ಕೆ ಬಲವುಂಟು’ ಎಂಬರ್ಥದ ನಗರದ ಲ್ಯಾಟಿನ್ ಧ್ಯೇಯವಾಕ್ಯವೂ ಇಲ್ಲಿದೆ.

ಹಳೆಯ ಚರ್ಚು ಶಿಥಿಲವಾದ್ದರಿಂದ 1820ರಲ್ಲಿ ಗೋಪುರವನ್ನು ಮಾತ್ರ ಉಳಿಸಿ ಉಳಿದ ಭಾಗವನ್ನು ಕೆಡವಲಾಯಿತು. 1822ರಲ್ಲಿ ಸಿದ್ಧವಾದ ಹೊಸ ಚರ್ಚಿಗೂ ಬಾಳಿಕೆ ಹೆಚ್ಚಿರಲಿಲ್ಲ. ರಸ್ತೆ ಅಗಲಿಸಲು 1896ರಲ್ಲಿ ಅದೂ ನೆಲಕ್ಕುರುಳಿತು. ನಗರದ ಚರ್ಚೆಂಬ ಸ್ಥಾನ ಮೊದಲು ಆಲ್ ಸೇಂಟ್ಸ್ ಚರ್ಚಿಗೆ, 1971ರಲ್ಲಿ ಉತ್ತರ ಬಾಗಿಲಿನ ಸೇಂಟ್ ಮೈಕೆಲ್ ಚರ್ಚಿಗೆ ಸಂದಿತು. ಒಂಟಿಯಾಗಿ ಉಳಿದ ಗೋಪುರವನ್ನು ವಾಸ್ತುಶಿಲ್ಪಿ ಟಿ. ಜಿ. ಜಾಕ್ಸನ್ ಆನುಗೋಡೆಗಳನ್ನು ಕಟ್ಟಿ ಭದ್ರಪಡಿಸಿದ.

ಗೋಪುರ ಈಗ ನಗರಸಭೆಯ ಸ್ವತ್ತು. 99 ಮೆಟ್ಟಿಲು ಹತ್ತಿದರೆ ಕಾಲೇಜುಗಳ ಗೋಪುರಗಳೂ ಶಿಖರಗಳೂ ಸುತ್ತಲೂ ಕಾಣುತ್ತವೆ. ಆ ನೋಟ ಕೆಡದಂತೆ ಕಾರ್‌ಫ್ಯಾಕ್ಸ್‌ನಿಂದ 1,200 ಮೀಟರ್ ದೂರದೊಳಗೆ 18.2 ಮೀಟರಿಗಿಂತ ಎತ್ತರದ ಹೊಸ ಕಟ್ಟಡಗಳನ್ನು ನಗರ ಯೋಜನೆ ನಿಯಂತ್ರಿಸುತ್ತದೆ. ಪದವಿ ವಿದ್ಯಾರ್ಥಿಗಳು ಪಾಠದ ಅವಧಿಯಲ್ಲಿ ಇಲ್ಲಿಂದ ಆರು ಮೈಲಿಯೊಳಗೆ ವಾಸಿಸಬೇಕೆಂಬುದು ವಿಶ್ವವಿದ್ಯಾಲಯದ ನಿಯಮ. ಒಂದು ಕಾಲಕ್ಕೆ ವಿದ್ಯಾರ್ಥಿಗಳ ವಿರುದ್ಧ ಊರಿನವರು ಜಮಾಯಿಸಿದ ಚೌಕದಿಂದಲೇ ವಿಶ್ವವಿದ್ಯಾಲಯ ತನ್ನ ದೂರವನ್ನು ಅಳೆಯುತ್ತದೆ.