ಸಂತ ಮಾರ್ಟಿನರ ಮೇಲಂಗಿ

ಹಳೆಯ ಕಾವ್ಯಗಳನ್ನು ಓದಿದವರಿಗೆ 'ಕಂಚುಕ' ಎಂಬ ಪದ ಹೊಸದಲ್ಲ. ಸಂಸ್ಕೃತದಿಂದ ಬಂದ ಈ ಪದಕ್ಕೆ ಮೇಲಂಗಿ, ಯುದ್ಧದ ಕವಚ, ಹಾವಿನ ಪೊರೆ ಎಂಬ ಅರ್ಥಗಳಿವೆ. ಮೈ ಮುಚ್ಚುವುದೇ ಮೈ ಕಾಯುವುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಂದ್ರಿಕೆಯ ಮೇಲೆ ಹುಳು ತನ್ನ ರಕ್ಷಣೆಗೆಂದು ಸುತ್ತಿಕೊಂಡ ಗೂಡೇ ನೂಲು ಬಿಚ್ಚಿದಾಗ ನಮ್ಮ ಮದುವೆ ಸೀರೆಯಾಗುತ್ತದೆ. (ಹುಳುವಿನ ಪಾಡು ಬೇರೆ ಮಾತು!)

ಲತೀನ್ ಭಾಷೆಯ 'ಕಪ್ಪಾ' ಎಂದರೂ ಮೇಲಂಗಿಯೇ. ನವೆಂಬರ್ 11ರಂದು ನಾವು ಹಬ್ಬ ಆಚರಿಸುವ ಟೂರ್ಸ್ ನಗರದ ಸಂತ ಮಾರ್ಟಿನರು ರೋಮ್ ಸೈನ್ಯದಲ್ಲಿದ್ದಾಗ, ಆಮಿಯೆನ್ ಪಟ್ಟಣದ ಹೆಬ್ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಬಡವನನ್ನು ಕಂಡರು. ಕತ್ತಿಯಿಂದ ತಮ್ಮ ಮೇಲಂಗಿಯನ್ನು ಸೀಳಿ ಅರ್ಧವನ್ನು ಅವನಿಗೆ ಹೊದಿಸಿದರು. ಅಂದು ರಾತ್ರಿ ಕನಸಿನಲ್ಲಿ ಆ ಅರ್ಧವನ್ನು ಹೊದ್ದು ನಿಂತವರು ಪ್ರಭು ಯೇಸು.

397ರಲ್ಲಿ ಸಂತರು ದೈವಾಧೀನರಾದರು. ಮುಂದೆ ಫ್ರಾಂಕ್ ಅರಸರು ಅವರ ಮೇಲಂಗಿಯನ್ನು ಗುರಾಣಿಯೋ ಎಂಬಂತೆ ಯುದ್ಧಕ್ಕೆ ಒಯ್ಯತೊಡಗಿದರು. ಅದನ್ನು ಇರಿಸಿದ ತಾಣ 'ಕಪೆಲ್ಲಾ' ಆಯಿತು, ಕಾಯುವ ಗುರುಗಳು 'ಕಪೆಲ್ಲಾನಿ' ಆದರು. ನಮ್ಮ 'ಚಾಪೆಲ್', 'ಚಾಪ್ಲಿನ್' ಪದಗಳ ಹುಟ್ಟು ಇದೇ.

ನಮಗೆ ಇದು ವಿಪರ್ಯಾಸವಾಗಿ ಕಾಣುತ್ತದೆ. ಏಕೆಂದರೆ ಮಾರ್ಟಿನರು ಕಾದಲು ಒಪ್ಪದೆ ಸೈನ್ಯ ಬಿಟ್ಟವರು. ಹೇಡಿ ಎಂದು ಹಂಗಿಸಿದಾಗ, ಗುರಾಣಿ ಶಿರಸ್ತ್ರಾಣಗಳಿಲ್ಲದೆ, ಶಿಲುಬೆಯ ಗುರುತೊಂದನ್ನೇ ನಂಬಿ ನಾಳೆ ಶತ್ರುಗಳ ಸಾಲನ್ನು ಹೊಗುತ್ತೇನೆ ಎಂದರು. ಮರುದಿನ ಶತ್ರುಗಳೇ ಸಂಧಿ ಬೇಡಿ ಬಂದರೆಂದು ಅವರ ಜೀವನಚರಿತ್ರೆ ಬರೆದ ಸುಲ್ಪಿಸಿಯಸ್ ಸೆವೆರಸ್ ತಿಳಿಸುತ್ತಾರೆ.