ಬಾಯ್ಲರ್ ಬದಲಾದರೆ ಉಗಿ ಎಂಜಿನ್ ನಕಲಿಯಾಗುತ್ತದೆಯೇ?

ಮ್ಯೂಸಿಯಂನಲ್ಲಿರುವ ಉಗಿ ಎಂಜಿನ್ ಫೋಟೊ ನೋಡಿ, "ಬಾಯ್ಲರ್, ಗಾಲಿ ಎಲ್ಲ ಬೇರೆಯವು, ಹಾಗಾಗಿ ಇದು ಅಸಲಿಯಲ್ಲ" ಎನ್ನುವವರಿದ್ದಾರೆ. ಭಾಗಗಳು ಬದಲಾಗಿರಬಹುದು. ಆದರೆ ಅಷ್ಟರಿಂದಲೇ ಎಂಜಿನ್ ನಕಲಿಯಾಗುವುದಿಲ್ಲ.

ಗದಗದಿಂದ ಬಾದಾಮಿ, ಬಾಗಲಕೋಟೆ ಮೂಲಕ ಹೊಟಗಿಗೆ ಹೋಗುವ ಮಾರ್ಗವನ್ನೇ ನೋಡೋಣ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಇದನ್ನು ಮೀಟರ್ ಗೇಜ್‌ನಲ್ಲಿ ಹಾಕಿತು. ಇಲ್ಲಿ ದಶಕಗಳ ಕಾಲ ಉಗಿ ಎಂಜಿನ್‌ಗಳೇ ಓಡಿದವು. ಬೆಂಕಿಯ ಕಾವು ಮತ್ತು ನೀರಿನ ಲವಣದಿಂದ ಇಂಥ ಎಂಜಿನ್‌ಗಳ ಬಾಯ್ಲರ್ ಬೇಗ ಸವೆಯುತ್ತದೆ. ರಿಪೇರಿಗೆ ಹೆಚ್ಚು ಸಮಯ ಹಿಡಿಯುವುದೂ ಅದೇ. ಹಾಗಾಗಿ ವರ್ಕ್‌ಶಾಪ್‌ಗಳಲ್ಲಿ ಸಿದ್ಧವಿರುವ ಇನ್ನೊಂದು ಬಾಯ್ಲರ್ ಕೂರಿಸಿ ಎಂಜಿನ್ ಕಳುಹಿಸುವುದು ರೂಢಿಯಾಗಿತ್ತು. ಬಿಚ್ಚಿದ ಬಾಯ್ಲರ್ ರಿಪೇರಿಯಾದ ಮೇಲೆ ಅದೇ ಮಾದರಿಯ ಬೇರೆ ಎಂಜಿನ್‌ಗೆ ಹೋಗುತ್ತಿತ್ತು.

ಹಾಗಾದರೆ ಗುರುತು ಎಲ್ಲಿದೆ?

ಸಾಮಾನ್ಯವಾಗಿ ಎಂಜಿನ್‌ನ ಮುಖ್ಯ ಚೌಕಟ್ಟಿನಲ್ಲಿ ಮತ್ತು ರೈಲ್ವೆಯ ದಾಖಲೆಯಲ್ಲಿ. ಬೈಕಿನ ಎಂಜಿನ್ ಬದಲಿಸಿದರೂ ಚಾಸಿ ನಂಬರ್ ಉಳಿಯುವ ಹಾಗೆ. ಬಾಯ್ಲರ್‌ಗೆ ತನ್ನದೇ ಪ್ರತ್ಯೇಕ ನಂಬರ್ ಇರುತ್ತದೆ.

ಬ್ರಿಟನ್ನಿನ ಪ್ರಸಿದ್ಧ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' 1923ರಲ್ಲಿ ತಯಾರಾಯಿತು. ಅದರ ಬಾಯ್ಲರ್ ಹಲವು ಸಲ ಬದಲಾಗಿದೆ. ನಂಬರ್ ಕೂಡ 1472, 4472, 60103 ಎಂದು ಬದಲಾಗುತ್ತ ಬಂದಿದೆ. ಪ್ರತಿ ಬದಲಾವಣೆ ದಾಖಲಾಗಿರುವುದರಿಂದ ಅದು ಅದೇ ಎಂಜಿನ್.

ಆದರೆ ಒಂದರ ನಂಬರ್ ಪ್ಲೇಟನ್ನು ಇನ್ನೊಂದಕ್ಕೆ ಸಿಕ್ಕಿಸಿ ಹಳೆಯದೆಂದು ತೋರಿಸಿದರೆ ಅದು ಮೋಸವೇ. ಕಲ್ಲಿದ್ದಲು, ನೀರು ಹೊರುವ ಟೆಂಡರ್ ಕೂಡ ಅದಲುಬದಲಾಗುತ್ತಿತ್ತು. ಅದರ ಮೇಲಿನ ನಂಬರನ್ನಷ್ಟೇ ನಂಬಬೇಡಿ. ಅಸಲಿ, ನಕಲಿ ಎಂದು ಫಾರ್ವರ್ಡ್ ಮಾಡುವ ಮುನ್ನ ಚೌಕಟ್ಟು ಯಾವುದು, ದಾಖಲೆ ಏನು ಹೇಳುತ್ತದೆ ಎಂದು ಕೇಳಿ.