ಲೆಕ್ಕದ ಸಾಫ್ಟ್‌ವೇರ್‌ನಿಂದ ಲಸಿಕೆ ನಿಂತ ಕಥೆ

ಬಿಕಾಂ ಮುಗಿಸಿ ಆಡಿಟರ್ ಆಫೀಸಲ್ಲಿ ಕೆಲಸಕ್ಕೆ ಕೂತಾಗ, ನನ್ನ ದಿನ ಶುರುವಾಗ್ತಿದ್ದದ್ದೇ ಅಪ್‌ಡೇಟ್‌ಗೆ 'ಯೆಸ್' ಒತ್ತೋದರಿಂದ. ಅದರಲ್ಲಿ ಏನು ಬಂತು ಅಂತ ಒಂದು ದಿನವೂ ನೋಡಿದವನಲ್ಲ. ಅದಕ್ಕೇ ಈ ಕಥೆ ಓದಿದಾಗ ಹೊಟ್ಟೆಯಲ್ಲಿ ಸಣ್ಣ ನಡುಕ ಬಂತು.

2017ರ ಜೂನ್ 27. ಉಕ್ರೇನ್‌ನಲ್ಲಿ ಬಹಳಷ್ಟು ಕಂಪನಿಗಳು ತೆರಿಗೆ ಲೆಕ್ಕ ಸಲ್ಲಿಸಲು ಎಂ.ಇ.ಡಾಕ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದವು. ಹ್ಯಾಕರ್‌ಗಳು ಅದರ ಅಪ್‌ಡೇಟ್ ಬರುವ ದಾರಿಯಲ್ಲೇ 'ನಾಟ್‌ಪೆಟ್ಯಾ' ಎಂಬ ವೈರಸ್ ಕಳಿಸಿದರು. ಅಮೆರಿಕದ ಔಷಧ ಕಂಪನಿ ಮರ್ಕ್ (ಜರ್ಮನಿಯ ಮರ್ಕ್ ಬೇರೆ, ಕನ್‌ಫ್ಯೂಸ್ ಆಗ್ಬೇಡಿ) ಉಕ್ರೇನ್‌ನಲ್ಲಿ ಬಳಸ್ತಿದ್ದದ್ದೂ ಅದೇ ಸಾಫ್ಟ್‌ವೇರ್. ಕೋರ್ಟ್ ದಾಖಲೆ ಪ್ರಕಾರ 90 ಸೆಕೆಂಡಿನಲ್ಲಿ ಸುಮಾರು 10,000 ಕಂಪ್ಯೂಟರ್ ಹೋದವು. 5 ನಿಮಿಷಕ್ಕೆ 20,000. ಕೊನೆಗೆ 40,000ಕ್ಕೂ ಹೆಚ್ಚು.

ಸ್ಕ್ರೀನ್ ಮೇಲೆ 300 ಡಾಲರ್ ಬಿಟ್‌ಕಾಯಿನ್ ಕೊಡಿ ಅಂತ ಬರ್ತಿತ್ತು. ಅದು ಬರೀ ನಾಟಕ. ದುಡ್ಡು ಕೊಟ್ಟರೂ ಡೇಟಾ ವಾಪಸ್ ಬರುವಂತಿರಲಿಲ್ಲ. ವಿಂಡೋಸ್‌ನ ಒಂದು ದೋಷವನ್ನು ಈ ವೈರಸ್ ಬಳಸಿತ್ತು, ಅದಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಮದ್ದು ಕೊಟ್ಟಿತ್ತು. ಆದರೆ ಒಂದು ಕಂಪ್ಯೂಟರಿಗೆ ಹೊಕ್ಕ ಮೇಲೆ ಅದರಲ್ಲಿದ್ದ ಪಾಸ್‌ವರ್ಡ್ ಕದ್ದು, ಮದ್ದು ಹಾಕಿಕೊಂಡಿದ್ದ ಕಂಪ್ಯೂಟರಿಗೂ ನುಗ್ಗುತ್ತಿತ್ತು. ಲೆಕ್ಕ ಬರೆಯೋ ಕಂಪ್ಯೂಟರಿಗೂ ಕಾರ್ಖಾನೆಗೂ ನಡುವೆ ಗಟ್ಟಿ ಗೋಡೆ ಇರಬೇಕಿತ್ತು ಅನ್ನೋದೇ ನನಗೆ ಇಲ್ಲಿ ಕಾಣೋ ದೊಡ್ಡ ಕೊರತೆ.

ಯಾಕೆ ಅಂದ್ರೆ ಲಸಿಕೆ ತಯಾರಿಕೆಯೇ ನಿಂತಿತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಗಾರ್ಡಸಿಲ್ 9ಕ್ಕೆ ಆ ವರ್ಷ ಅಂದುಕೊಂಡಿದ್ದಕ್ಕಿಂತ ಬೇಡಿಕೆಯೂ ಜಾಸ್ತಿ ಇತ್ತು. ಮರ್ಕ್ ಕೊನೆಗೆ ಅಮೆರಿಕ ಸರ್ಕಾರ ಮಕ್ಕಳಿಗಾಗಿ ತೆಗೆದಿಟ್ಟಿದ್ದ ಲಸಿಕೆ ದಾಸ್ತಾನಿನಿಂದ ಕಡ ತಂದಿತು. ಅಕ್ಕಿ ಕಡ ತಂದ ಹಾಗೆ! ಆ ಒಂದೇ ತ್ರೈಮಾಸಿಕದ ಮಾರಾಟದಲ್ಲಿ ಈ ಕಡದಿಂದ ಕಡಿಮೆಯಾದದ್ದು 24 ಕೋಟಿ ಡಾಲರ್.

ಆಮೇಲೆ ವಿಮೆ ಜಗಳ. ಮರ್ಕ್ ಕೇಳಿದ್ದು 140 ಕೋಟಿ ಡಾಲರ್. ಅಮೆರಿಕ, ಬ್ರಿಟನ್ ಸರ್ಕಾರಗಳು ಈ ದಾಳಿ ರಷ್ಯಾ ಸೇನೆಯದು ಅಂದಿದ್ದವು, ರಷ್ಯಾ ಒಪ್ಪಲಿಲ್ಲ. ವಿಮಾ ಕಂಪನಿಗಳು ಇದನ್ನೇ ಹಿಡಿದು, "ಇದು ಯುದ್ಧ, ಯುದ್ಧದ ನಷ್ಟಕ್ಕೆ ಪಾಲಿಸಿ ಇಲ್ಲ" ಅಂದವು. ನ್ಯೂಜೆರ್ಸಿ ಕೋರ್ಟ್ ಒಪ್ಪಲಿಲ್ಲ. 2023ರ ಮೇನಲ್ಲಿ ಮೇಲ್ಮನವಿಯಲ್ಲೂ ಮರ್ಕ್ ಗೆದ್ದಿತು, 2024ರ ಜನವರಿಯಲ್ಲಿ ರಾಜಿಯಾಯಿತು.

ಅಷ್ಟರಲ್ಲಿ ವಿಮೆಯವರು ಪಾಲಿಸಿಯ ಸಾಲುಗಳನ್ನೇ ತಿದ್ದಲು ಶುರು ಮಾಡಿದ್ದರು. 2023ರ ಮಾರ್ಚ್ 31ರಿಂದ ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆಯಲ್ಲಿ ಪ್ರತ್ಯೇಕ ಸೈಬರ್ ವಿಮೆ ಮಾಡಿಸಿದರೆ, ದೇಶಗಳ ಬೆಂಬಲದ ಹ್ಯಾಕಿಂಗ್ ನಷ್ಟವನ್ನು ಹೊರಗಿಡುವ ಷರತ್ತು ಅದರಲ್ಲಿ ಇರಲೇಬೇಕು.